ಗೋಡೆಯ ಚಾರ್ಜರಿಗೆ ವೈಫೈ ಯಾಕೆ?

ವಿದ್ಯುತ್ ಕಾರು ಕೊಂಡವರು ಮನೆಯ ಗೋಡೆಗೆ ಹಾಕಿಸುವ ಪೆಟ್ಟಿಗೆಯನ್ನು ಚಾರ್ಜರ್ ಅನ್ನುತ್ತೇವೆ. ಅಸಲಿ ಚಾರ್ಜರ್ ಇರುವುದು ಕಾರಿನೊಳಗೆ. ಮನೆಯ ಎಸಿ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವುದು ಅದೇ. ಗೋಡೆಯ ಮೇಲಿರುವುದು ಬರೀ ಬಾಗಿಲು ಕಾಯುವವ.

ಆದರೆ ಬಲು ಎಚ್ಚರದ ಕಾವಲುಗಾರ. ದಪ್ಪ ಕೇಬಲ್ಲಿನೊಳಗೆ ಒಂದು ತೆಳು ತಂತಿಯಿದೆ. ಅದರಲ್ಲಿ ಸೆಕೆಂಡಿಗೆ ಸಾವಿರ ಸಲ 12 ವೋಲ್ಟಿನ ಮಿಡಿತ ಹೋಗುತ್ತದೆ. ಮಿಡಿತದ ಅಗಲವೇ ಸಂದೇಶ: ಶೇ. 10ರಷ್ಟಿದ್ದರೆ 6 ಆಂಪಿಯರ್, ಶೇ. 50ರಷ್ಟಿದ್ದರೆ 30 ಆಂಪಿಯರ್ ಎಳೆದುಕೊಳ್ಳಬಹುದು ಎಂದರ್ಥ. ಕಾರು ಅದೇ ವೋಲ್ಟೇಜನ್ನು 9ಕ್ಕೆ ಇಳಿಸಿ ‘ಬಂದಿದ್ದೇನೆ’ ಅನ್ನುತ್ತದೆ, 6ಕ್ಕೆ ಇಳಿಸಿ ‘ಸಿದ್ಧ’ ಅನ್ನುತ್ತದೆ. ಆಮೇಲಷ್ಟೇ ಪೆಟ್ಟಿಗೆಯೊಳಗಿನ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚು ಟಕ್ಕೆಂದು ಕೂಡಿ ಕರೆಂಟು ಹರಿಯುತ್ತದೆ. ಕಾರಿಗೆ ಸಿಕ್ಕಿಸದ ಕೇಬಲ್ಲಿನ ತುದಿಯಲ್ಲಿ ಕರೆಂಟೇ ಇರುವುದಿಲ್ಲ.

ಇಷ್ಟೆಲ್ಲ ನಡೆಯಲು ಇಂಟರ್ನೆಟ್ ಬೇಡ. ಫಜೀತಿ ಶುರುವಾಗುವುದು ಈ ಪೆಟ್ಟಿಗೆಗೆ ವೈಫೈ, ಆ್ಯಪ್ ಅಂಟಿಸಿದ ಮೇಲೆ. 2021ರಲ್ಲಿ ಬ್ರಿಟನ್ನಿನ ಪೆನ್ ಟೆಸ್ಟ್ ಪಾರ್ಟ್ನರ್ಸ್ ಎಂಬ ಭದ್ರತಾ ಸಂಸ್ಥೆ ಅಲ್ಲಿ ಮಾರಾಟದಲ್ಲಿದ್ದ ಆರು ಕಂಪನಿಗಳ ಮನೆ ಚಾರ್ಜರುಗಳನ್ನು ಪರೀಕ್ಷಿಸಿತು. ಕೆಲವನ್ನು ದೂರದಲ್ಲಿ ಕೂತೇ ಕೈವಶ ಮಾಡಿಕೊಳ್ಳಬಹುದಿತ್ತು. ಇನ್ನು ಕೆಲವುಗಳ ಒಳಗಿದ್ದದ್ದು ಹವ್ಯಾಸಿಗಳ ಮೆಚ್ಚಿನ ರಾಸ್ಪ್‌ಬೆರಿ ಪೈ ಕಂಪ್ಯೂಟರು. ಪೆಟ್ಟಿಗೆ ಬಿಚ್ಚಿದವನಿಗೆ ಮನೆಯ ವೈಫೈ ಪಾಸ್‌ವರ್ಡೂ ಸಿಗುತ್ತಿತ್ತು. ಮನೆಯ ಹೊರಗೋಡೆಯ ಮೇಲೆ ನೇತುಹಾಕುವ ವಸ್ತುವಿಗೆ ಇದು ಸಣ್ಣ ಲೋಪವಲ್ಲ.

ಒಂದು ಮನೆಯ ಕಾರು ಚಾರ್ಜ್ ಆಗದಿದ್ದರೆ ಒಬ್ಬರಿಗೆ ಆಫೀಸು ತಪ್ಪೀತು, ಅಷ್ಟೇ. ಆದರೆ ಲೆಕ್ಕ ಹಾಕಿ: 7 ಕಿಲೋವ್ಯಾಟಿನ ಒಂದು ಲಕ್ಷ ಚಾರ್ಜರುಗಳೆಂದರೆ 700 ಮೆಗಾವ್ಯಾಟ್. ನಮ್ಮ ಕೈಗಾ ಅಣುಸ್ಥಾವರದ 220 ಮೆಗಾವ್ಯಾಟಿನ ಮೂರು ಘಟಕಗಳ ಸಾಮರ್ಥ್ಯಕ್ಕಿಂತ ಹೆಚ್ಚು. ಯಾರೋ ಅಷ್ಟನ್ನೂ ಒಂದೇ ಗಳಿಗೆಯಲ್ಲಿ ಆನ್, ಆಫ್ ಮಾಡಿದರೆ ಗ್ರಿಡ್ಡಿನ 50 ಹರ್ಟ್ಸ್ ಲಯ ತೂಗಾಡುತ್ತದೆ. ಬ್ರಿಟನ್ ಇದನ್ನು ಅರಿತೇ 2022ರಲ್ಲಿ ಕಾನೂನು ಜಾರಿಗೆ ತಂದಿತು. ಪ್ರತಿ ಚಾರ್ಜರಿಗೂ ಬೇರೆ ಪಾಸ್‌ವರ್ಡ್ ಇರಬೇಕು, ಯಾರಾದರೂ ಪೆಟ್ಟಿಗೆ ಬಿಚ್ಚಿದರೆ ಮಾಲೀಕರಿಗೆ ಸುದ್ದಿ ಮುಟ್ಟಬೇಕು, ನೆಟ್ ಹೋದರೂ ಚಾರ್ಜ್ ಆಗುತ್ತಿರಬೇಕು. ನನಗೆ ಹಿಡಿಸಿದ್ದು ಇನ್ನೊಂದು ನಿಯಮ: ಚಾರ್ಜಿಂಗ್ ಶುರುವಾಗುವ ಮುನ್ನ ಹತ್ತು ನಿಮಿಷದೊಳಗೆ ಎಷ್ಟಾದರೂ ತಡವಾಗಬಹುದು, ಎಷ್ಟೆಂಬುದು ಲಾಟರಿ. ಹೀಗಾಗಿ ಸಾವಿರಾರು ಚಾರ್ಜರುಗಳು ಒಟ್ಟಿಗೆ ಎದ್ದು ಕೂರುವುದಿಲ್ಲ.

ಕಳ್ಳರಷ್ಟೇ ಅಲ್ಲ, ಕಂಪನಿಗಳೂ ಕೈಕೊಡುತ್ತವೆ. 2024ರ ಅಕ್ಟೋಬರಿನಲ್ಲಿ ಎನೆಲ್ ಎಕ್ಸ್ ವೇ ಎಂಬ ಚಾರ್ಜರ್ ಕಂಪನಿ ಉತ್ತರ ಅಮೆರಿಕದಿಂದ ಕಾಲ್ತೆಗೆಯುವುದಾಗಿ ಘೋಷಿಸಿತು. ಅದರ ಜ್ಯೂಸ್‌ಬಾಕ್ಸ್ ಚಾರ್ಜರ್ ಕೊಂಡವರಿಗೆ ಉಳಿದ ಸಮಾಧಾನವೆಂದರೆ, ಆ್ಯಪ್ ನಿಂತರೂ ಮನೆಯ ಚಾರ್ಜರ್ ಕರೆಂಟು ಕೊಡುತ್ತದೆ ಎಂಬುದು.

ಹಾಗಾಗಿ ಅಂಗಡಿಯಲ್ಲಿ ಬಣ್ಣ, ಪರದೆ ನೋಡುವ ಮೊದಲು ಕೇಳಿ: ನೆಟ್ ಇಲ್ಲದೆ ಇದು ಓಡುತ್ತದೆಯೇ? ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ? ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ. ರಾತ್ರಿ ಇಷ್ಟು ಹೊತ್ತಿಗೆ ಶುರುವಾಗು ಎಂದು ಹೇಳುವ ಸೌಲಭ್ಯ ಅನೇಕ ಕಾರುಗಳಲ್ಲೇ ಇದೆ. ಆದ್ದರಿಂದ ಹೆಚ್ಚಿನ ಮನೆಗಳಿಗೆ ವೈಫೈ ಇಲ್ಲದ ಪೆಟ್ಟಿಗೆಯೇ ಸಾಕು. ಉಳಿದ ದುಡ್ಡಿನಲ್ಲಿ ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಪ್ರತ್ಯೇಕ ಲೈನು, 30 ಮಿಲಿಆಂಪಿಯರ್ ಸೋರಿದರೂ ಕಡಿದು ಹಾಕುವ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಹಾಕಿಸಿ.