ಕ್ಯೂಸೆಕ್ ಲೆಕ್ಕ ಬಲ್ಲ ವರದಿಗಾರ್ತಿ

ಮಳೆಗಾಲ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ಪತ್ರಿಕೆಗಳಲ್ಲಿ ಮೂರು ಅಂಕಿಗಳು ದಿನವೂ ಕಾಣಿಸುತ್ತವೆ: ಆಲಮಟ್ಟಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಬಸವನ ಬಾಗೇವಾಡಿ ಸೀಮೆಯಿಂದ ಪತ್ರಿಕೋದ್ಯಮ ಓದಲು ಹೋಗುವವರಿಗೆ ಮೊದಲ ಪಾಠ ಈ ಮೂರು ಅಂಕಿಗಳಿಂದಲೇ ಶುರುವಾಗಬೇಕು.

ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ಇದು ನೀರಿನ ಆಳವಲ್ಲ, ಸಮುದ್ರಮಟ್ಟದಿಂದ ಅಳೆದ ಎತ್ತರ. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮೊದಲನೆಯದು ಹರಿವಿನ ಅಳತೆ, ಎರಡನೆಯದು ಸಂಗ್ರಹದ್ದು. 1 ಲಕ್ಷ ಕ್ಯೂಸೆಕ್ ಒಳಹರಿವು ಇಡೀ ದಿನ ಹಾಗೇ ಇದ್ದು, ಹೊರಗೆ ಹನಿಯೂ ಬಿಡದಿದ್ದರೆ 8.64 ಟಿಎಂಸಿ ಸೇರುತ್ತದೆ. ಇಷ್ಟು ಲೆಕ್ಕ ಗೊತ್ತಿದ್ದ ಹುಡುಗಿಗೆ ಯಾರಾದರೂ ‘ಹನ್ನೆರಡು ತಾಸಿನಲ್ಲಿ 20 ಟಿಎಂಸಿ ಬಂತು’ ಎಂದರೆ, ಅಷ್ಟು ಬರಲು ಒಳಹರಿವು ನಾಲ್ಕೂವರೆ ಲಕ್ಷ ಕ್ಯೂಸೆಕ್ ದಾಟಿರಬೇಕಲ್ಲ ಎಂದು ತಟ್ಟನೆ ಹೊಳೆಯುತ್ತದೆ. ಅವಳು ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆ ಕೇಳಲು ಕಲಿಸುವುದಕ್ಕೇ ಕಾಲೇಜು ಬೇಕು. ಕ್ಯಾಮೆರಾ ಹಿಡಿಯುವುದನ್ನು ಎಲ್ಲಿ ಬೇಕಾದರೂ ಕಲಿಯಬಹುದು.

ಕೃಷ್ಣಾ ನದಿ ನೀರಿನ ವಿವಾದ ಆಲಿಸಿದ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಗರಿಷ್ಠ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಕಾಗದದ ಮೇಲೆ ವ್ಯತ್ಯಾಸ ಐದು ಮೀಟರಿಗೂ ಕಡಿಮೆ. ಆದರೆ ಕೃಷ್ಣೆಯ ದಂಡೆ ಸಪಾಟು. ಅಲ್ಲಿ ನೀರು ಮೇಲೇರುವುದಕ್ಕಿಂತ ಹೆಚ್ಚಾಗಿ ಅಗಲಕ್ಕೆ ಹರಡಿಕೊಳ್ಳುತ್ತದೆ, ಹೊಲಗಳನ್ನು ನುಂಗುತ್ತದೆ. ಈಗಿನ ಮಟ್ಟಕ್ಕೇ ಮೊಸರಿಗೆ ಹೆಸರಾದ ಕೊಲ್ಹಾರದ ಹಳೆಯ ಊರು ಹಿನ್ನೀರಿಗೆ ಹೋಯಿತು, ಜನ ಹೊಸ ಜಾಗದಲ್ಲಿ ಮನೆ ಕಟ್ಟಿಕೊಂಡರು. ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲ್ಲೂಕುಗಳು. ಹಿಂದೆ ಎರಡೂ ಬಾಗೇವಾಡಿ ತಾಲ್ಲೂಕಿನವೇ. ‘ಮುಳುಗಡೆ’ ಎಂಬ ಮಾತನ್ನು ಈ ಭಾಗದ ಮಕ್ಕಳು ಮನೆಯಲ್ಲಿ ಕೇಳಿಯೇ ಬೆಳೆದಿರುತ್ತಾರೆ. ಪತ್ರಿಕೋದ್ಯಮದ ತರಗತಿ ಮಾಡಬೇಕಾದ್ದು ಆ ಮಾತಿಗೆ ದಾಖಲೆ ಜೋಡಿಸುವುದನ್ನು ಕಲಿಸುವ ಕೆಲಸ. ಹೊಲದ ಉತಾರ, ಪರಿಹಾರದ ಆದೇಶ, ಪುನರ್ವಸತಿ ಕೇಂದ್ರದ ನಕ್ಷೆ, ಇವುಗಳನ್ನು ಓದಲು ಬರಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಬಿಗಿಯಾಗಿ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಸರತ್ತು ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಓದುವ ಅವಕಾಶ ದೂರವೇನಿಲ್ಲ. ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಅಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇದೆ. ಕನ್ನಡ ನಾಡಿನಲ್ಲಿ ಈ ಓದಿಗೆ ಅಡಿಪಾಯ ಬಿದ್ದದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, 1951ರಲ್ಲಿ. ನಾಡಿಗ ಕೃಷ್ಣಮೂರ್ತಿ ಅದನ್ನು ಬೆಳೆಸಿದವರು.

ಆದರೆ ವಿಜಯಪುರಕ್ಕೆ ಅದಕ್ಕೂ ಹಳೆಯ ಗುರುಗಳಿದ್ದಾರೆ. ಅವರನ್ನು ಮಾಧ್ಯಮದ ವಿದ್ಯಾರ್ಥಿಗಳು ಮಾಧ್ಯಮದವರೆಂದೇ ಓದಬೇಕು. ಫ.ಗು. ಹಳಕಟ್ಟಿಯವರನ್ನು ನಾವು ವಚನ ಸಂಪಾದಕರೆಂದು ನೆನೆಯುತ್ತೇವೆ, ಅವರು ಪತ್ರಕರ್ತರೂ ಹೌದು ಎಂಬುದನ್ನು ಮರೆಯುತ್ತೇವೆ. ಮನೆ, ಮಠ ಅಲೆದು ತಾಡವೋಲೆ ಹುಡುಕಿದ ಈ ವಕೀಲರು ಹಿತಚಿಂತಕ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಮೂಲಕ್ಕೆ ಹೋಗುವುದು, ಬರೆದದ್ದನ್ನು ಅಚ್ಚು ಹಾಕುವುದು, ಅಚ್ಚಾದದ್ದನ್ನು ಓದುಗರ ಕೈಗೆ ಮುಟ್ಟಿಸುವುದು, ಮೂರನ್ನೂ ಒಬ್ಬರೇ ಹೊತ್ತರು. ಬಸವಣ್ಣನ ಹುಟ್ಟೂರಿನ ಮಕ್ಕಳು ಇಂದು ಅಚ್ಚಿನಲ್ಲಿ ವಚನ ಓದುತ್ತಿರುವುದರ ಹಿಂದೆ ಆ ಮುದ್ರಣಾಲಯದ ಮೊಳೆಗಳ ದುಡಿಮೆ ಇದೆ. ವಿಜಯಪುರದವರೇ ಆದ ಮೊಹರೆ ಹಣಮಂತರಾಯರು ‘ಸಂಯುಕ್ತ ಕರ್ನಾಟಕ’ದ ಸಂಪಾದಕರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಇಂದಿಗೂ ಪ್ರಶಸ್ತಿ ಕೊಡುತ್ತದೆ.

ಬಾನುಲಿಯ ಪಾಠವೇ ಬೇರೆ. ಪತ್ರಿಕೆಯ ಓದುಗ ಅರ್ಥವಾಗದ ಸಾಲಿಗೆ ಮರಳಿ ಬರಬಹುದು, ಕೇಳುಗನಿಗೆ ಆ ಅನುಕೂಲವಿಲ್ಲ. ಅದಕ್ಕೇ ವಾಕ್ಯ ಚಿಕ್ಕದಿರಬೇಕು, ಅಂಕಿ ಕಡಿಮೆ ಇರಬೇಕು, ‘ಮೇಲೆ ಹೇಳಿದಂತೆ’ ಎಂಬ ಮಾತು ಬರಲೇಬಾರದು. 1950ರಿಂದ ಧಾರವಾಡ ಆಕಾಶವಾಣಿ ಈ ಭಾಗದ ಆಡುಮಾತಿಗೆ ನಾಟಕ, ರೂಪಕಗಳಲ್ಲಿ ಗೌರವದ ಜಾಗ ಕೊಟ್ಟಿತು. ನದಿ ದಂಡೆಯ ರೈತ ‘ಹೊಳಿಗೆ ಎಷ್ಟ್ ನೀರ ಬಿಟ್ಟಾರ್ರೀ?’ ಎಂದು ಕೇಳಿದ್ದನ್ನು ವಿದ್ಯಾರ್ಥಿ ಹಾಗೆಯೇ ಕೇಳಿಸಬೇಕು. ತಿದ್ದಿ, ಗ್ರಾಂಥಿಕ ಕನ್ನಡಕ್ಕೆ ತಂದರೆ ಆ ದನಿಯ ಆತಂಕವೇ ಹೊರಟುಹೋಗುತ್ತದೆ. ಕಾಲೇಜುಗಳು ಸ್ವಂತ ಸಮುದಾಯ ಬಾನುಲಿ ನಡೆಸಬಹುದೆಂದು ಕೇಂದ್ರ ಸರ್ಕಾರ 2002ರಲ್ಲಿ ಒಪ್ಪಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 90.4 ಮೆಗಾಹರ್ಟ್ಸ್‌ನಲ್ಲಿ ರೈತರಿಗಾಗಿ ಅಂಥದ್ದೊಂದನ್ನು ನಡೆಸುತ್ತಿದೆ. ಇಂಡಿಯ ಲಿಂಬೆ ಬೆಳೆಗಾರರಿಗೂ ಮುದ್ದೇಬಿಹಾಳದ ಕಾಲುವೆ ಕೊನೆಯ ರೈತರಿಗೂ ಅಂಥ ದನಿ ಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕಾಲೇಜುಗಳಲ್ಲಿ ಒಂದು ಕೋರಿಕೆ. ಸ್ಟುಡಿಯೋಗೆ ಇನ್ನೊಂದು ಕ್ಯಾಮೆರಾ ಕೊಳ್ಳುವ ಮುನ್ನ ವಿದ್ಯಾರ್ಥಿಗಳ ಬಸ್ ಖರ್ಚಿಗೆ ಹಣ ಎತ್ತಿಡಿ. ಅವರು ಕೊಲ್ಹಾರಕ್ಕೆ ಹೋಗಲಿ, ಆಲಮಟ್ಟಿಯಲ್ಲಿ ಎಂಜಿನಿಯರ್‌ಗಳನ್ನು ಕಾಣಲಿ, ಪರಿಹಾರದ ಕಾಗದ ಹಿಡಿದು ಕುಳಿತವರ ಮನೆಗೆ ಹೋಗಲಿ. ವರದಿ ಪ್ರಕಟವಾದ ಮೇಲೆ ಅದೇ ಮನೆಗೆ ಇನ್ನೊಮ್ಮೆ ಹೋಗಿ, ಅಂಕಿ ಸರಿಯಿತ್ತೇ ಎಂದು ಕೇಳಿ ಬರಲಿ. ಅಂಕ ಕೊಡುವಾಗ ಆ ಎರಡನೇ ಭೇಟಿಗೂ ಅಂಕವಿರಲಿ.