ಒಬ್ಬಳೇ, ನಲವತ್ತು ತಿರುವು

ಉಡುಮಲಪೇಟೆಯಿಂದ ಮುನ್ನಾರಿಗೆ ಹೋಗುವ ದಾರಿಯಲ್ಲಿ ತಮಿಳುನಾಡು ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಒಂದಿದೆ. ಅದರ ಹೆಸರೇ ಒಂದು ಸಂಖ್ಯೆ: 9/6. ಬೆಳಗ್ಗೆ ಏಳೂಕಾಲಿಗೆ ಅಲ್ಲಿ ಕಾರು ನಿಲ್ಲಿಸಿದೆ. ಗಾರ್ಡ್ ಗಾಡಿ ನಂಬರ್ ಬರೆದುಕೊಂಡ, ಸಮಯ ಬರೆದುಕೊಂಡ. ಆಮೇಲೆ ಹಿಂದಿನ ಸೀಟಿನತ್ತ ಕತ್ತು ಚಾಚಿ ನೋಡಿ, "ಎತ್ತನೈ ಪೇರು?" ಎಂದು ಕೇಳಿದ. ಎಷ್ಟು ಜನ ಅಂತ. ಒಬ್ಬಳೇ ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ಪುಸ್ತಕದಲ್ಲಿ 1 ಎಂದು ಬರೆದ.

ಹಿಂದಿನ ರಾತ್ರಿ ತಂಗಿದ್ದು ಉಡುಮಲಪೇಟೆಯ ಚಿಕ್ಕಮ್ಮನ ಮನೆಯಲ್ಲಿ. ಮಗ್ಗ ನಂಬಿಕೊಂಡು ತಲೆಮಾರುಗಳ ಹಿಂದೆ ಇಲ್ಲಿಗೆ ಬಂದ ದೇವಾಂಗದವರ ಮನೆ. ಒಳಗೆ ಇವತ್ತಿಗೂ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅನ್ನ ಬಡಿಸುತ್ತಾ ಚಿಕ್ಕಮ್ಮ ಮೂರು ಸಲ ಕೇಳಿದರು. "ಒಬ್ಳೇ ಹೋಗ್ತೀಯೇನೇ? ಕಾಡು ಕಣೇ ಅದು. ಆನೆ ಇರುತ್ತೆ, ಹಾವು ಇರುತ್ತೆ. ಯಾರಾದ್ರೂ ಅಡ್ಡ ಹಾಕಿದ್ರೆ ಏನ್ಮಾಡ್ತೀಯ?" ಆ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಒಂದೊಂದನ್ನೂ ತೂಗಿ ನೋಡಬೇಕು ಅನ್ನಿಸಿತು.

ಚೆಕ್‌ಪೋಸ್ಟ್ ದಾಟಿದರೆ ಚಿನ್ನಾರ್. ಘಟ್ಟದ ಕಾಡೆಂದರೆ ನಮ್ಮ ಕಣ್ಣಿಗೆ ಹಸಿರು, ಮಂಜು. ಇಲ್ಲಿ ಕಾಣುವುದು ಕಳ್ಳಿ, ಜಾಲಿ, ಕೆಂಪು ಬಂಡೆ, ನಕ್ಷತ್ರ ಆಮೆಯ ನಾಡು. ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್, ಅದೂ 48 ದಿನಗಳಲ್ಲಿ. ಉಳಿದ 317 ದಿನ ಆಕಾಶ ಸುಮ್ಮನಿರುತ್ತದೆ. ಬೆಂಗಳೂರಿಗೆ ಬೀಳುವುದರ ಅರ್ಧ ಇದು. ಚಿನ್ನಾರ್ ಇರುವ ಆನೆಮಲೆ ಸಾಲಿನ ಇನ್ನೊಂದು ಮಗ್ಗುಲಲ್ಲಿ ಚಿನ್ನಕಲ್ಲಾರ್ ಇದೆ. ಅಲ್ಲಿ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಕಾಗೆ ಹಾರುವ ನೇರಕ್ಕೆ ಅಳೆದರೆ ಎರಡರ ನಡುವೆ ಮೂವತ್ತು ಕಿಲೋಮೀಟರೂ ಇಲ್ಲ. ರಸ್ತೆಯಲ್ಲಿ ಹೋದರೆ ನೂರು ಮೀರುತ್ತದೆ. ಒಂದೇ ಬೆಟ್ಟದ ಸಾಲು, ಎರಡು ಪಕ್ಕಕ್ಕೆ ಆರುಪಟ್ಟು ಅಂತರದ ಮಳೆ! ಮರುಭೂಮಿ ಎನ್ನಲು 250 ಮಿಲಿಮೀಟರಿಗಿಂತ ಕಡಿಮೆ ಬೀಳಬೇಕಂತೆ. ಚಿನ್ನಾರ್ ಆ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಏಪ್ರಿಲ್ ಮಧ್ಯಾಹ್ನ ಅಲ್ಲಿ ಕಾರು ಕೆಟ್ಟು ನಿಂತವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಏರುತ್ತದೆ, ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಹೊರಗೆ 35 ಇದ್ದರೆ ಒಳಗೆ 57. ಆನೆ ಇರುವ ಕಾಡಲ್ಲಿ ಕಾರಿನಿಂದ ಇಳಿಯಬೇಡಿ ಎನ್ನುತ್ತಾರೆ, ಸರಿ. ಕಿಟಕಿ ಮುಚ್ಚಿಕೊಂಡು ಒಳಗೇ ಕೂರಲೂ ಆಗದು. ಹಾಗಾಗಿ ಹತ್ತು ಲೀಟರ್ ನೀರು ಇಟ್ಟುಕೊಂಡಿದ್ದೆ, ಗಾಜಿಗೆ ಅಡ್ಡ ಹಿಡಿಯಲು ಎರಡು ಹಳೆಯ ಪಂಚೆ ಇಟ್ಟುಕೊಂಡಿದ್ದೆ, ಬಿಸಿಲೇರುವ ಮೊದಲೇ ಹೊರಟಿದ್ದೆ. ಫೋನಿನ ಸಂಗತಿ ಇನ್ನೊಂದು. ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದ ಕಡೆಯೂ 112ಕ್ಕೆ ಮಾಡಿದ ಕರೆಯನ್ನು ಬೇರೆ ಕಂಪನಿಯ ಟವರ್ ಎತ್ತಿಕೊಳ್ಳಬಲ್ಲದು. 2017ರಿಂದೀಚೆಗೆ ದೇಶದಲ್ಲಿ ಮಾರುವ ಮೊಬೈಲುಗಳಲ್ಲಿ ತುರ್ತು ಬಟನ್ ಕಡ್ಡಾಯ; ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತುವುದು ಅದರ ಒಂದು ದಾರಿ. ಆದರೆ ಯಾವ ಟವರೂ ಇಲ್ಲದ ಕಣಿವೆಯಲ್ಲಿ ಆ ಬಟನ್ನಿಗೆ ಬೆಲೆ ಸೊನ್ನೆ. ಅಲ್ಲಿ ಕಾಯುವುದು ಆ ಗಾರ್ಡಿನ ಪುಸ್ತಕದ ಒಂದು ಸಾಲು, ಮತ್ತು ಹನ್ನೊಂದು ಗಂಟೆಗೆ ಫೋನ್ ಬರದಿದ್ದರೆ ಅದೇ ಪುಸ್ತಕ ಹುಡುಕಿಸಬಲ್ಲ ಚಿಕ್ಕಮ್ಮ.

ಇನ್ನು ಅವರ ಭಯದ ಪಟ್ಟಿ. 2022–23ರಲ್ಲಿ ಇಡೀ ಭಾರತದಲ್ಲಿ ಆನೆಯಿಂದ ಸತ್ತವರು 605 ಜನ. ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58,000. ಈ ಅಂದಾಜು ಓದಿದಾಗ ಒಂದು ಸೊನ್ನೆ ಹೆಚ್ಚು ಬಿದ್ದಿರಬೇಕು ಎಂದು ಮತ್ತೆ ನೋಡಿದ್ದೆ. ಚಿಕ್ಕಮ್ಮ ಎತ್ತದೇ ಬಿಟ್ಟ ಒಂದು ಅಪಾಯವಿದೆ, ರಸ್ತೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ ಸುಮಾರು 462. ಅತಿ ಹೆಚ್ಚು ಅಪಘಾತ ನಡೆದ ರಾಜ್ಯ ಇದೇ ತಮಿಳುನಾಡು, 64,105. ಸೀಟ್ ಬೆಲ್ಟ್ ಹಾಕದೇ ಸತ್ತವರೇ 16,715. ಆನೆ ಒಬ್ಬರನ್ನು ಕೊಲ್ಲುವಷ್ಟರಲ್ಲಿ ಒಂದು ಪಟ್ಟಿ ಸಿಕ್ಕಿಸದ ಕಾರಣಕ್ಕೆ 27 ಜನ ಹೋಗಿರುತ್ತಾರೆ. "ಬೆಲ್ಟ್ ಹಾಕ್ಕೊಂಡು ಹೋಗೇ" ಎಂದು ಹೊಸ್ತಿಲಲ್ಲಿ ನಿಂತು ಯಾವ ಚಿಕ್ಕಮ್ಮನೂ ಹೇಳಿದ್ದನ್ನು ನಾನು ಕೇಳಿಲ್ಲ.

'ಯಾರಾದ್ರೂ' ಎಂಬ ಆ ಮಾತು ಉಳಿಯಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,677. ಅವುಗಳಲ್ಲಿ 30,571ರಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ: ಮನೆಯವನು, ನೆರೆಯವನು, ಗೆಳೆಯ, ಕೆಲಸ ಕೊಟ್ಟವನು. ನೂರಕ್ಕೆ 96ಕ್ಕೂ ಹೆಚ್ಚು. ಈ ಸೀಮೆಗೆ ಇದನ್ನು ಅಂಕಿಯಲ್ಲಿ ಹೇಳಬೇಕಾಗಿಲ್ಲ. 2019ರಲ್ಲಿ ಹೊರಬಿದ್ದ ಪೊಳ್ಳಾಚಿ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ ಹುಡುಗಿಯರನ್ನು ಕಾಡಿನ ದಾರಿಯಲ್ಲಿ ಅಡ್ಡ ಹಾಕಿದವರಿರಲಿಲ್ಲ. ಸ್ನೇಹ ಬೆಳೆಸಿ, ನಂಬಿಸಿ ಕರೆದವರಿದ್ದರು. 2025ರ ಮೇ 13ರಂದು ಕೊಯಮತ್ತೂರಿನ ಮಹಿಳಾ ನ್ಯಾಯಾಲಯ ಒಂಬತ್ತು ಮಂದಿಗೂ ಸಾಯುವತನಕ ಜೈಲು ವಿಧಿಸಿತು. ಆ ಮೊಕದ್ದಮೆಯಲ್ಲಿ ನನ್ನನ್ನು ಬೆರಗುಗೊಳಿಸಿದ ಅಂಕಿ ಬೇರೆ: 48 ಸಾಕ್ಷಿಗಳು, ಆರು ವರ್ಷ, ಒಬ್ಬರೂ ಮಾತು ತಿರುಗಿಸಲಿಲ್ಲ. ಸಾಕ್ಷಿ ಹೇಳಿದ ಆ ಹೆಣ್ಣುಮಕ್ಕಳು ಆರು ವರ್ಷ ನಡೆದ ದಾರಿಯ ಮುಂದೆ ಯಾವ ಘಟ್ಟದ ರಸ್ತೆಯೂ ಕಿರಿದು.

ಆದರೂ 96 ಎಂಬುದನ್ನು ಹಿಡಿದು ಕಾಡಿನ ದಾರಿ ನಿರ್ಭಯ ಎಂದುಬಿಟ್ಟರೆ ಅದು ಸುಳ್ಳು ಲೆಕ್ಕ. ಚಾಲನಾ ಪರವಾನಗಿ ಇರುವ ನೂರು ಭಾರತೀಯರಲ್ಲಿ ಹೆಂಗಸರು ಸುಮಾರು ಏಳು. ಅವರಲ್ಲಿ ಒಬ್ಬಳೇ ಕಾಡು ದಾಟುವವರು ಎಷ್ಟು? ಹೆಂಗಸರೇ ಹೋಗದ ದಾರಿಯಲ್ಲಿ ಹೆಂಗಸರ ಮೇಲಿನ ಅಪರಾಧ ದಾಖಲಾಗುವುದಾದರೂ ಹೇಗೆ? ಆದ್ದರಿಂದ ನಾನು ಎಚ್ಚರ ಬಿಡಲಿಲ್ಲ. ಮುಂದಿನ ನಿಲುಗಡೆ ಎಲ್ಲಿ ಎಂದು ಟೀ ಅಂಗಡಿಯಲ್ಲಿ ಯಾರು ಕೇಳಿದರೂ ಹೇಳಲಿಲ್ಲ, ಪೆಟ್ರೋಲನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಲಿಲ್ಲ, ಕತ್ತಲಾಗುವ ಮುನ್ನ ಊರು ಸೇರಿದೆ.

ಮರುದಿನ ವಾಲ್ಪಾರೈ. ಪೊಳ್ಳಾಚಿಯಿಂದ 64 ಕಿಲೋಮೀಟರ್. ಈ ದಾರಿಯೂ ನಿನ್ನೆ ಹಿಡಿದ ದಾರಿಯೂ ಹಾದುಹೋಗುವುದು ಆನೆಮಲೆ ಹುಲಿ ಸಂರಕ್ಷಿತ ಪ್ರದೇಶವನ್ನು. ಅದರ ವಿಸ್ತಾರ 1,479 ಚದರ ಕಿಲೋಮೀಟರ್. ಹಿಂದಿನ ಬಿಬಿಎಂಪಿಯ ಬೆಂಗಳೂರನ್ನು ಸುಮಾರು ಎರಡು ಸಲ ಹಾಸಬಹುದು. ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ ತಿರುವುಗಳು ಶುರು. ನಮಗೆ ಹೇರ್‌ಪಿನ್, ತಮಿಳರಿಗೆ 'ಕೊಂಡೈ ಊಸಿ', ತುರುಬಿಗೆ ಸಿಕ್ಕಿಸುವ ಪಿನ್ನು. ಒಂದೊಂದರ ಪಕ್ಕದಲ್ಲೂ ಬೋರ್ಡು ಎಣಿಸುತ್ತದೆ: 1/40, 2/40. ಒಂಬತ್ತನೆಯದರಲ್ಲಿ ಲೋಮ್ಸ್ ವ್ಯೂ. ಕೆಳಗೆ ಇಡೀ ಜಲಾಶಯ ಒಂದು ತಟ್ಟೆ ನೀರಿನಂತೆ ಕಾಣುತ್ತದೆ.

ಹತ್ತುವುದಕ್ಕಿಂತ ಇಳಿಯುವುದು ಕಠಿಣ, ಅದರ ಕಾರಣ ಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಒಂದು ಟನ್ ತೂಕದ ಕಾರು ಏಳುನೂರು ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ನ್ಯೂಟ್ರಲ್‌ನಲ್ಲಿ ಬಿಟ್ಟು ಬ್ರೇಕ್ ತುಳಿಯುತ್ತಾ ಇಳಿದರೆ ಆ ಶಾಖದ ಬಹುಪಾಲು ನಾಲ್ಕು ಚಕ್ರದ ಬ್ರೇಕುಗಳಿಗೇ ಹೋಗುತ್ತದೆ. ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತಿರುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೆಯ ಲಾರಿ ಡ್ರೈವರುಗಳು ಹೇಳುವುದು ಈ ನೀರನ್ನು ಇಂಜಿನ್ನಿನ ಕೈಲಿ ಕಾಯಿಸಲಿಕ್ಕೆ. ವೇಗದ ಲೆಕ್ಕವೂ ಹೀಗೇ ಮೋಸದ್ದು. ಗಂಟೆಗೆ 30ರಲ್ಲಿ ಹೋಗುವ ಕಾರು ಅಡ್ಡ ಬಂದದ್ದನ್ನು ಕಂಡು ಪೂರ್ತಿ ನಿಲ್ಲಲು ಸುಮಾರು 18 ಮೀಟರ್ ಬೇಕು. 60ರಲ್ಲಿ 36 ಎಂದು ಬಾಯಿಲೆಕ್ಕ ಹೇಳುತ್ತದೆ, ಆದರೆ ಬೇಕಾಗುವುದು 45. ಮುಸ್ಸಂಜೆಯಲ್ಲಿ ಬೂದು ಆನೆ ಬೂದು ರಸ್ತೆಯ ಮೇಲೆ ಅಷ್ಟು ದೂರದಿಂದ ಕಾಣುವುದಿಲ್ಲ. ಓಡಿ ತಪ್ಪಿಸಿಕೊಳ್ಳುವ ಮಾತೂ ಬೇಡ: ಥಾಯ್ಲೆಂಡಿನಲ್ಲಿ ಅಳೆದಾಗ ಏಷ್ಯಾದ ಆನೆ ಸೆಕೆಂಡಿಗೆ 6.8 ಮೀಟರ್ ಓಡಿತ್ತು. 2025ರ ಫೆಬ್ರವರಿಯಲ್ಲಿ ಇದೇ ರಸ್ತೆಯಲ್ಲಿ ಆನೆ ನಿಂತಿದ್ದಾಗ ಎರಡೂ ಕಡೆ ವಾಹನಗಳು ಕಾಯುತ್ತಿದ್ದವು. ಬೈಕಿನಲ್ಲಿ ಮುಂದೆ ಹೋದ ಜರ್ಮನಿಯ ಹಿರಿಯ ಪ್ರವಾಸಿಯೊಬ್ಬರು ಅದರ ದಾಳಿಗೆ ಪ್ರಾಣ ಕಳೆದುಕೊಂಡರು.

ಮೇಲೆ ಹತ್ತಿದರೆ 220 ಚದರ ಕಿಲೋಮೀಟರಿನ ಪ್ರಸ್ಥಭೂಮಿ, ಹೆಚ್ಚಾಗಿ ಚಹಾ ತೋಟ, ಸುಮಾರು 70 ಸಾವಿರ ಜನ, ಸುತ್ತ ಕಾಡು. ತೋಟಗಳ ನಡುವೆಯೇ ಆನೆಗಳ ಓಡಾಟ. ನಾನು ಎರಡು ದಿನಕ್ಕೆ ಸಾಹಸವೆಂದು ಬಂದ ಈ ನೆಲದಲ್ಲಿ ಎಲೆ ಕೀಳುವ ಹೆಂಗಸರು ಪ್ರತಿದಿನ ಸಂಜೆ ಕಾಲ್ನಡಿಗೆಯಲ್ಲಿ ಲೈನ್ ಮನೆಗೆ ವಾಪಸಾಗುತ್ತಾರೆ. ಅವರ ಕಾವಲಿಗೆ ಬಂದೂಕಿಲ್ಲ, ಸುದ್ದಿ ಇದೆ. ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಷನ್ ಫೌಂಡೇಶನ್ 2011ರ ಸುಮಾರಿಗೆ ಇಲ್ಲಿ ಒಂದು ವ್ಯವಸ್ಥೆ ಕಟ್ಟಿತು: ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ, ಊರ ಕೇಬಲ್ ಟೀವಿಯಲ್ಲಿ ಒಂದು ಸಾಲು, ಮತ್ತು ಎತ್ತರದ ಕಂಬಗಳ ಮೇಲೆ ದೂರಕ್ಕೆ ಕಾಣುವ ಕೆಂಪು ದೀಪ. ಹತ್ತಿರದಲ್ಲಿ ಆನೆ ಇದ್ದರೆ ಫೋನಿನಿಂದಲೇ ದೀಪ ಹೊತ್ತಿಸಬಹುದು. ಅದನ್ನು ಕಟ್ಟಿದ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಆನೆಯನ್ನು ಓಡಿಸದೆ, ಹೆಂಗಸರನ್ನು ಮನೆಯಲ್ಲಿ ಕೂರಿಸದೆ, ಇಬ್ಬರೂ ಎಲ್ಲಿದ್ದಾರೆಂದು ತಿಳಿಯುವಂತೆ ಮಾಡಿದ್ದು ನನಗೆ ದೊಡ್ಡ ಕೆಲಸವಾಗಿ ಕಾಣುತ್ತದೆ.

ಸಂಜೆ ಐದಕ್ಕೆ ಹತ್ತು ನಿಮಿಷ ಇತ್ತು. ತಿರುವಿನಾಚೆಯ ಕಂಬದಲ್ಲಿ ಕೆಂಪು ಉರಿಯುತ್ತಿತ್ತು. ಬಸ್ ಸ್ಟಾಪಿನಲ್ಲಿ ಎಲೆಚೀಲ ಮಡಿಸಿ ಹಿಡಿದ ಮೂವರು ಹೆಂಗಸರು. ಒಬ್ಬಾಕೆ ರಸ್ತೆಗೆ ಇಳಿದು ಅಂಗೈ ಅಡ್ಡ ಹಿಡಿದಳು. "ಇರುಮ್ಮಾ." ತಮಿಳಿಗೂ ಕನ್ನಡಕ್ಕೂ ಒಂದೇ ಆದ ಆ ಮಾತು, ಇರು. ಇದ್ದೆ. ಇಂಜಿನ್ ಆರಿಸಿ ನಲವತ್ತು ನಿಮಿಷ ಇದ್ದೆ. ಚಹಾ ಗಿಡಗಳ ನಡುವಿನಿಂದ ಅವು ಒಂದರ ಹಿಂದೊಂದು ರಸ್ತೆ ದಾಟಿದವು. ಆಕೆ ಬೆರಳಲ್ಲಿ ಎಣಿಸಿ ತೋರಿಸಿದಳು: ಏಳು, ಒಂದು ಮರಿ. ಇನ್ನೂ ಸ್ವಲ್ಪ ಹೊತ್ತು ಕಳೆಯಿತು, ಕಂಬದ ದೀಪ ಆರಿತು. ಆಗ ನನ್ನ ಕಿಟಕಿಗೆ ಬಗ್ಗಿ ಒಳಗೆ ನೋಡಿ ಕೇಳಿದಳು, ಎತ್ತನೈ ಪೇರು?

ಒಬ್ಬಳೇ ಎಂದೆ. ಹಿಂದಿನ ಬಾಗಿಲು ತೆಗೆದು ಚೀಲ ಒಳಗಿಟ್ಟಳು, ಉಳಿದಿಬ್ಬರನ್ನೂ ಕರೆದಳು. ಅವರ ಎಸ್ಟೇಟಿನವರೆಗೆ ನಾವು ನಾಲ್ವರು.