ಮೀನಿಗೆ ಮಸಾಲೆ ಹಚ್ಚಿಟ್ಟ ಮೇಲೆ

ಒಂದು ಭಾನುವಾರ ರಾತ್ರಿ ಎಂಟರ ಹೊತ್ತಿಗೆ ಹಾಸನದ ನನ್ನ ಕ್ಲಿನಿಕ್ಕಿಗೆ ಗಂಡ ಹೆಂಡತಿ ಇಬ್ಬರೂ ಬಂದರು. ಮುಖ, ಕತ್ತು ಕೆಂಪೇರಿತ್ತು. ತಲೆನೋವು, ಎದೆಬಡಿತ, ಮೈಯೆಲ್ಲ ತುರಿಕೆ. "ಮೀನು ನಮಗೆ ಅಲರ್ಜಿ ಆಗೋಗಿದೆ ಡಾಕ್ಟ್ರೇ, ಇನ್ಮೇಲೆ ತಿನ್ನೋ ಹಂಗೇ ಇಲ್ಲ" ಎಂದರು ಆಕೆ. ಒಂದೇ ಮನೆಯ ಇಬ್ಬರಿಗೆ ಒಂದೇ ಗಳಿಗೆಯಲ್ಲಿ ಅಲರ್ಜಿ ಶುರುವಾಗುವುದು ಬಲು ಅಪರೂಪ. ಹಾಗಾಗಿ ವಿಚಾರಿಸಿದೆ.

ಬೆಳಿಗ್ಗೆ ಹತ್ತಕ್ಕೆ ತಂದ ಬಂಗುಡೆ. ಉಪ್ಪು, ಅಚ್ಚಖಾರದ ಪುಡಿ, ಅರಿಶಿನ, ಹುಣಸೆರಸ ಹಚ್ಚಿ ಅಡಿಗೆಕಟ್ಟೆಯ ಮೇಲೆ ಮುಚ್ಚಿಟ್ಟಿದ್ದರು. ಬರಬೇಕಿದ್ದ ಮಗನನ್ನು ಕಾದು ಕಾದು, ಅವನು ಬರದಿದ್ದಾಗ ಸಂಜೆ ಏಳಕ್ಕೆ ಕಾವಲಿಗೆ ಹಾಕಿದರು.

ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳ. ಮೀನು ತಣ್ಣಗಿಲ್ಲದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಲ್ಲಿ ನಮ್ಮ ದೇಹವೇ ಹೊರಹಾಕುವ ವಸ್ತುವೂ ಇದೇ. ಲಕ್ಷಣಗಳು ಹೋಲುವುದು ಅದಕ್ಕೇ. ಒಮ್ಮೆ ಉಂಟಾದ ಹಿಸ್ಟಮೀನ್ ಹುರಿದರೂ, ಬೇಯಿಸಿದರೂ, ಫ್ರಿಜ್ಜಿನಲ್ಲಿಟ್ಟರೂ ಹೋಗದು. ಮೀನು ನಾರಲೇಬೇಕೆಂದೂ ಇಲ್ಲ. ಕೆಲವೊಮ್ಮೆ ನಾಲಿಗೆಗೆ ಮೆಣಸಿನಂಥ ಚುರುಕು ತಾಗುವುದೊಂದೇ ಸುಳಿವು. ನಮ್ಮ ಖಾರದ ಮಸಾಲೆಯಲ್ಲಿ ಅದು ಯಾರಿಗೆ ಗೊತ್ತಾದೀತು?

ನಮ್ಮೂರಿಗೆ ಕಡಲ ಮೀನು ಶಿರಾಡಿ ಘಾಟಿ ಹತ್ತಿ ಬರಬೇಕು. ದಾರಿಯಲ್ಲಿ ಐಸ್ ಎಷ್ಟು ಕರಗಿತ್ತೋ ನಮಗೆ ತಿಳಿಯದು. ಮನೆಯಲ್ಲಿ ಮತ್ತೆ ಒಂಬತ್ತು ಗಂಟೆ ಹೊರಗಿಟ್ಟರೆ ಹೇಗೆ? ಉಪ್ಪು ಹುಳಿ ಬಿದ್ದ ಮೇಲೆ ಮೀನು ಕೆಡುವುದಿಲ್ಲವೆಂಬ ನಂಬಿಕೆ ಅನೇಕರಲ್ಲಿದೆ. ಉಪ್ಪಿನಕಾಯಿಗೆ ಹಾಕುವಷ್ಟು ಹಾಕಿದರೆ ಆ ಮಾತು ಬೇರೆ. ಹುರಿಯಲು ಹಚ್ಚುವ ಮಸಾಲೆಗೆ ಆ ಶಕ್ತಿಯಿಲ್ಲ.

ಮೀನನ್ನು ತಂದ ಕೂಡಲೇ ತೊಳೆದು ಫ್ರಿಜ್ಜಿನಲ್ಲಿಡಿ, 4 ಡಿಗ್ರಿ ಸೆಲ್ಸಿಯಸ್ ಮೀರದಿರಲಿ. ಗೆರೆ ಕೊಯ್ದ ಬಂಗುಡೆಗೆ ಮಸಾಲೆ ಹಿಡಿಯಲು ಅರ್ಧ ಗಂಟೆ ಸಾಕು, ಅದೂ ಫ್ರಿಜ್ಜಿನೊಳಗೇ. ಫ್ರಿಜ್ ಇಲ್ಲದವರು ಮಧ್ಯಾಹ್ನದ ಊಟಕ್ಕೇ ಹುರಿದು ಮುಗಿಸುವುದು ಲೇಸು. ಗೊರೂರು ಜಲಾಶಯದ ಕಾಟ್ಲಾ ತಂದರೂ ಹೊರಗಿಟ್ಟು ಕಾಯಬೇಡಿ.

ತೊಂದರೆ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ವಾಂತಿಭೇದಿಯೂ ಆಗಬಹುದು. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ, ನಾಲಿಗೆ ಊದಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ. ಏನು ತಿಂದಿರಿ, ಜೊತೆಗೆ ತಿಂದವರು ಹೇಗಿದ್ದಾರೆ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಆ ದಂಪತಿಗಳಿಗೆ ಹಿಸ್ಟಮೀನ್ ತಡೆಯುವ ಔಷಧಿ ಕೊಟ್ಟೆ, ಬೆಳಗಾಗುವಷ್ಟರಲ್ಲಿ ಗುಣವಾಯಿತು. ಮೀನು ಬಿಡಬೇಕಾಗಿಲ್ಲವೆಂದಾಗ ಯಜಮಾನರ ಮುಖ ಅರಳಿತು. ಉಳಿದಿದ್ದ ನಾಲ್ಕು ಬಂಗುಡೆಯನ್ನು ಮಾತ್ರ ಎಸೆಯಲು ಹೇಳಿದೆ.